ಒಂದೇ ಗಣಕದಲ್ಲಿ ಎರಡು ಸಂಸಾರ

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರು. ಅದೂ ಹೊಸದಲ್ಲ, ಬೆಂಗಳೂರಿನ ಕಚೇರಿಯೊಂದು ಬೇಡವೆಂದು ಮಾರಿದ್ದನ್ನು ನಮ್ಮಣ್ಣ ಕೊಂಡು, ಸಂಜೆಯ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಉರಿಗಾಮಿಗೆ ತಂದದ್ದು. ಹಗಲೆಲ್ಲ ಅವನು ಬೆಂಗಳೂರಿನ ಕೆಲಸಕ್ಕೆ ಹೋಗಿಬರುತ್ತಾನೆ. ರಾತ್ರಿ ಊಟವಾದ ಮೇಲೆ ರಾಬರ್ಟ್‌ಸನ್‌ಪೇಟೆಯ ಮೂರು ನಾಲ್ಕು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾನೆ. ಟ್ಯಾಲಿಯು ಬೆಂಗಳೂರಿನಲ್ಲೇ 1986ರಲ್ಲಿ ಹುಟ್ಟಿದ ಸಂಸ್ಥೆಯ ತಂತ್ರಾಂಶ. ಆದರೆ ಅದು ನಡೆಯುವುದು ವಿಂಡೋಸಿನ ಮೇಲೆ. ಆದ್ದರಿಂದ ನಮ್ಮ ಮನೆಯಲ್ಲಿ ವಿಂಡೋಸನ್ನು ಬಿಡುವ ಮಾತೇ ಇಲ್ಲ.

ಹೀಗಿರುವಲ್ಲಿ, ಆ ಯಂತ್ರದಲ್ಲಿದ್ದ ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಮುಗಿಸಿತು. ಮುಂದಿನದಾದ ವಿಂಡೋಸ್ 11ಕ್ಕೆ ಬೇಕಾದ ಭದ್ರತೆಯ ಚಿಪ್ಪು ಮೊದಲಾದವು ನಮ್ಮ ಹಳೆಯ ಯಂತ್ರದಲ್ಲಿಲ್ಲ. ಹೊಸದನ್ನು ಕೊಳ್ಳುವ ಅನುಕೂಲವೂ ಇಲ್ಲ. ಅಂತರಜಾಲದ ಕೆಲಸಕ್ಕೂ ಓದಿಗೂ ಲಿನಕ್ಸ್, ಅಣ್ಣನ ಲೆಕ್ಕಕ್ಕೆ ಮಾತ್ರ ವಿಂಡೋಸ್ ಎಂದು ಏರ್ಪಾಟು ಮಾಡಿಕೊಳ್ಳೋಣವೆಂದು ನಾನು ಹೇಳಿದೆ. "ನನ್ನ ಲೆಕ್ಕಕ್ಕೆ ಏನೂ ಆಗಬಾರದು, ನೋಡು" ಎಂದು ಅಣ್ಣ ಒಪ್ಪಿದ. ನಮ್ಮ ಕಾಲೇಜಿನಲ್ಲಿ ಇಂಥ ಹಳೆಯ ಯಂತ್ರಗಳನ್ನು ಇಟ್ಟುಕೊಂಡಿರುವವರು ಅನೇಕರಿರುವುದರಿಂದ, ನಾನು ಕಲಿತದ್ದನ್ನೂ ಕಲಿಯುವ ಮೊದಲು ಕೆಡಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ತಿಳಿದವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಕಾರ್ಯಾಚರಣ ವ್ಯವಸ್ಥೆ ಎಂದರೇನೆಂಬುದನ್ನು ಎರಡೇ ಮಾತಿನಲ್ಲಿ ಹೇಳಬಹುದು. ಕೀಲಿಮಣೆ, ಪರದೆ, ಸ್ಮರಣೆ, ಡಿಸ್ಕು ಇವುಗಳನ್ನೆಲ್ಲ ತನ್ನ ವಶದಲ್ಲಿಟ್ಟುಕೊಂಡು, ಟ್ಯಾಲಿಯಂಥ ತಂತ್ರಾಂಶಗಳಿಗೆ ಬೇಕುಬೇಕಾದಾಗ ಹಂಚಿಕೊಡುವ ಯಜಮಾನನೇ ಅದು. ವಿಂಡೋಸ್ ಅಂಥ ಒಬ್ಬ ಯಜಮಾನ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಬರೆಯಲಾರಂಭಿಸಿದ ಲಿನಕ್ಸ್ ಮತ್ತೊಬ್ಬ. ಯಜಮಾನರು ಇಬ್ಬರು, ಮನೆ ಒಂದು. ಇಬ್ಬರೂ ಒಟ್ಟಿಗೆ ಗದ್ದುಗೆಯ ಮೇಲೆ ಕೂಡುವಂತಿಲ್ಲ. ಹಾಗಾದರೆ ಸರದಿಯ ಮೇಲೆ ಕೂಡಿಸುವುದು ಒಂದು ದಾರಿ. ಒಬ್ಬನನ್ನು ಮತ್ತೊಬ್ಬನ ಮನೆಯಲ್ಲಿ ಅತಿಥಿಯಾಗಿ ಇರಿಸುವುದು ಇನ್ನೊಂದು ದಾರಿ.

ಮೊದಲನೆಯ ದಾರಿಯನ್ನು ತಿಳಿಯಲು ನಮ್ಮವರಿಗೆ ಬಂಗಾರಪೇಟೆಯ ಜಂಕ್ಷನ್ನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬೆಂಗಳೂರಿನಿಂದ ಬಂದ ಗಾಡಿ ಅಲ್ಲಿಂದ ಜೋಲಾರಪೇಟೆಯ ಕಡೆಗೂ ಹೋಗಬಹುದು, ಕೋರಮಂಡಲ, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂಗೂ ಬರಬಹುದು. ಯಾವ ಕಡೆಗೆ ಎಂಬುದು ಗಾಡಿ ಹೊರಡುವುದಕ್ಕೆ ಮೊದಲೇ ಹಳಿಯ ಕವಲಿನಲ್ಲಿ ನಿಶ್ಚಯವಾಗಬೇಕು. ಕವಲು ದಾಟಿದ ಮೇಲೆ ಮನಸ್ಸು ಬದಲಾಯಿಸಿದರೆ ಹಿಂದಕ್ಕೆ ಬಂದು ಮತ್ತೆ ಹೊರಡಬೇಕು. ಕಂಪ್ಯೂಟರಿನಲ್ಲೂ ಹಾಗೆಯೇ. ವಿದ್ಯುತ್ತು ಹರಿದೊಡನೆ ಎಚ್ಚರಗೊಳ್ಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ತಾಯಿಹಲಗೆಯ ಮೇಲಿನ ಚಿಪ್ಪಿನಲ್ಲಿರುವ ಒಂದು ಸಣ್ಣ ಕಾರ್ಯಕ್ರಮ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯಾಸ್, ಹೊಸವುಗಳಲ್ಲಿ ಯುಇಎಫ್‌ಐ. ಅದು ಅಂಗಾಂಗಗಳನ್ನು ಒಮ್ಮೆ ತಡವಿ ನೋಡಿ, ಡಿಸ್ಕಿನಿಂದ ಬೂಟ್ ಲೋಡರ್ ಎಂಬುದನ್ನು ಕರೆಯುತ್ತದೆ. ಈ ಬೂಟ್ ಲೋಡರೇ ಕವಲಿನ ಬಳಿ ನಿಂತ ಪಾಯಿಂಟ್ಸ್‌ಮನ್. ಲಿನಕ್ಸಿನೊಡನೆ ಬರುವ ಗ್ರಬ್ ಎಂಬ ಬೂಟ್ ಲೋಡರು ಪರದೆಯ ಮೇಲೆ ಪಟ್ಟಿಯೊಂದನ್ನು ತೋರಿಸಿ, ಕೆಲವು ಸೆಕೆಂಡು ಕಾದು, ನಾವು ಹೇಳಿದ ವ್ಯವಸ್ಥೆಗೆ ಯಂತ್ರವನ್ನು ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ.

ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಈ ಎಲ್ಲ ವ್ಯವಹಾರಕ್ಕೂ ಮೂಲವಾದ ಜಾಗ ಎಷ್ಟು ಸಣ್ಣದೆಂಬುದನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಡಿಸ್ಕಿನ ಮೊಟ್ಟಮೊದಲ ತುಣುಕು 512 ಬೈಟುಗಳದು. ಅದರಲ್ಲಿ 446 ಬೈಟು ಬೂಟ್ ಲೋಡರಿನ ಮೊದಲ ಮೆಟ್ಟಿಲಿಗೆ. ಕೊನೆಯ 2 ಬೈಟು ಒಂದು ಗುರುತು. ನಡುವಿನ 64 ಬೈಟುಗಳಲ್ಲಿ ಡಿಸ್ಕಿನ ಯಾವ ಭಾಗ ಎಲ್ಲಿ ಆರಂಭವಾಗಿ ಎಷ್ಟು ದೂರ ಹರಡಿದೆ ಎಂಬ ದಾಖಲೆ. ಒಂದೊಂದು ಭಾಗಕ್ಕೆ 16 ಬೈಟು. ಆದ್ದರಿಂದಲೇ ಹಳೆಯ ಡಿಸ್ಕನ್ನು ನಾಲ್ಕಕ್ಕಿಂತ ಹೆಚ್ಚು ಮುಖ್ಯ ಪಾರ್ಟಿಷನ್ನುಗಳಾಗಿ ಹಂಚಲಾಗದು. ಹೆಚ್ಚು ಬೇಕಾದವರು ನಾಲ್ಕರಲ್ಲೊಂದನ್ನು ವಿಸ್ತೃತವೆಂದು ಮಾಡಿ ಅದರೊಳಗೆ ಮತ್ತೆ ಕೋಣೆಗಳನ್ನು ಕಟ್ಟಿಕೊಳ್ಳಬೇಕು. ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಭಾಗಗಳವರೆಗೆ ಅವಕಾಶವುಂಟು. ಅಲ್ಲಿ ಬೂಟ್ ಲೋಡರುಗಳಿಗೆಂದೇ ಒಂದು ಪ್ರತ್ಯೇಕ ಕೋಣೆಯಿದ್ದು, ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಜಗಳವಿಲ್ಲದೆ ಇರಬಹುದು. ಹಳೆಯ ಪದ್ಧತಿಯಲ್ಲಾದರೋ 446 ಬೈಟಿನ ಆ ಒಂದೇ ಹಜಾರ. ಕೊನೆಗೆ ಬಂದವನು ಮೊದಲು ಬಂದವನ ಚಾಪೆಯನ್ನು ಸುತ್ತಿ ಹೊರಗೆಸೆಯುತ್ತಾನೆ. ವಿಂಡೋಸ್ ಹೀಗೆ ಎಸೆಯುವಾಗ ಯಾರನ್ನೂ ಕೇಳುವುದಿಲ್ಲ. ಗ್ರಬ್ ಮಾತ್ರ ಪಕ್ಕದಲ್ಲಿ ಬೇರೆ ವ್ಯವಸ್ಥೆಯಿದೆಯೇ ಎಂದು ನೋಡಿ ಅದನ್ನೂ ಪಟ್ಟಿಗೆ ಸೇರಿಸಬಲ್ಲದು. ಮೊದಲು ವಿಂಡೋಸನ್ನೂ ಆಮೇಲೆ ಲಿನಕ್ಸನ್ನೂ ಹಾಕಬೇಕೆಂದು ಬಲ್ಲವರು ಹೇಳುವುದರ ಕಾರಣ ಇಷ್ಟೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಡಿಸ್ಕು ವಿಂಡೋಸಿನಲ್ಲಿ ಸಿ, ಡಿ, ಇ ಎಂದು ಮೂರು ಭಾಗವಾಗಿ ಕಾಣುತ್ತಿತ್ತು. ಸಿಯಲ್ಲಿ ವಿಂಡೋಸ್, ಡಿಯಲ್ಲಿ ಅಣ್ಣನ ಲೆಕ್ಕ, ಇ ಖಾಲಿ. ಇಯನ್ನು ಅಳಿಸಿ ಆ ಜಾಗದಲ್ಲಿ ಲಿನಕ್ಸನ್ನು ಕೂಡಿಸುವುದೆಂದು ನನ್ನ ಯೋಚನೆ. ಒಂದು ಭಾನುವಾರ ಮಧ್ಯಾಹ್ನ, ಅಣ್ಣ ಮಲಗಿದ್ದಾಗ, ಪೆನ್ ಡ್ರೈವಿನಿಂದ ಲಿನಕ್ಸನ್ನು ಎಬ್ಬಿಸಿ ಜಿಪಾರ್ಟೆಡ್ ಎಂಬ ತಂತ್ರಾಂಶವನ್ನು ತೆರೆದೆ. ಲಿನಕ್ಸು ಸಿ, ಡಿ ಎಂಬ ಹೆಸರುಗಳನ್ನು ಅರಿಯದು. ಅದರ ಕಣ್ಣಿಗೆ ಒಂದು, ಎರಡು, ಮೂರು ಎಂಬ ಸಂಖ್ಯೆಗಳೇ. ಒಂದು ಎಂದರೆ ಸಿ, ಎರಡು ಡಿ, ಮೂರು ಇ ಎಂದು ನಾನು ಬೆರಳೆಣಿಸಿ, ಮೂರನೆಯದನ್ನು ಅಳಿಸಿ, ಆಗಲಿ ಎಂಬ ಗುಂಡಿಯನ್ನು ಒತ್ತಿಬಿಟ್ಟೆ. ವಿಂಡೋಸು ತನ್ನ ಸ್ವಂತಕ್ಕೆಂದು ಡಿಸ್ಕಿನ ಆರಂಭದಲ್ಲಿ ಒಂದು ಸಣ್ಣ ಭಾಗವನ್ನು ಮರೆಯಲ್ಲಿ ಇಟ್ಟುಕೊಳ್ಳುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಒಂದು ಎಂಬುದು ಆ ಮರೆಯ ಭಾಗ, ಎರಡು ಸಿ, ಮೂರು ಡಿ. ನಾನು ಅಳಿಸಿದ್ದು ನಾಲ್ಕು ಅಂಗಡಿಗಳ ಲೆಕ್ಕ. ಯಾವ ಭಾಗದಲ್ಲಿ ಎಷ್ಟು ತುಂಬಿದೆಯೆಂಬುದನ್ನು ಪಕ್ಕದ ಅಂಕಣ ತೋರಿಸುತ್ತಲೇ ಇತ್ತು. ನೋಡಿದ್ದರೆ ತಾನೆ?

ನಕಲು ಇತ್ತೆ? ಇತ್ತು, ಆರು ತಿಂಗಳ ಹಿಂದಿನದು. ಜಿ.ಎಸ್.ಟಿ. ವಿವರ ಸಲ್ಲಿಸಬೇಕಾದ ದಿನಕ್ಕೆ ಒಂದು ವಾರವೂ ಉಳಿದಿರಲಿಲ್ಲ. ಅಂಗಡಿಯವರು ನಮ್ಮಣ್ಣನನ್ನು ನಂಬಿ ಬಿಲ್ಲುಗಳ ಕಟ್ಟನ್ನು ಕಳಿಸುವವರು. ಲೆಕ್ಕ ಹೋಯಿತೆಂದರೆ ನಂಬಿಕೆಯೂ ಹೋದಂತೆಯೇ. ಅಣ್ಣನನ್ನು ಎಬ್ಬಿಸಿ ಹೇಳಿದೆ. ಅವನು ಬೈಯಲಿಲ್ಲ. ಕುರ್ಚಿಯನ್ನೆಳೆದುಕೊಂಡು ಪಕ್ಕದಲ್ಲಿ ಕುಳಿತು, "ಇನ್ನೇನನ್ನೂ ಮುಟ್ಟಬೇಡ" ಎಂದ. ಬೈದಿದ್ದರೆ ಸುಲಭವಾಗುತ್ತಿತ್ತು.

ಅವನ ಆ ಒಂದು ಮಾತೇ ಶಾಸ್ತ್ರಸಮ್ಮತವಾದ ಚಿಕಿತ್ಸೆ ಎಂಬುದು ಆಮೇಲೆ ತಿಳಿಯಿತು. ಪಾರ್ಟಿಷನ್ ಅಳಿಸಿದಾಗ ಅಳಿಯುವುದು 64 ಬೈಟಿನ ದಾಖಲೆಯಲ್ಲಿನ 16 ಬೈಟು ಮಾತ್ರ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೆ ಹೊಲದಲ್ಲಿ ಬೆಳೆದ ರಾಗಿ ಒಣಗುವುದಿಲ್ಲವಷ್ಟೆ. ಬೇರೆಯವರು ಬಂದು ಅದೇ ಹೊಲವನ್ನು ಉತ್ತು ಬಿತ್ತಿದರೆ ಮಾತ್ರ ಬೆಳೆ ಹೋದೀತು. ಅದೇ ಜಾಗವನ್ನು ಲಿನಕ್ಸಿಗಾಗಿ ಫಾರ್ಮ್ಯಾಟ್ ಮಾಡಿ ಹೊಸ ಫೈಲುಗಳನ್ನು ತುಂಬಿಸಿದ್ದರೆ ಲೆಕ್ಕದ ಆಸೆ ಬಿಡಬೇಕಾಗುತ್ತಿತ್ತು. ನಾವು ಅಷ್ಟು ಮುಂದೆ ಹೋಗಿರಲಿಲ್ಲ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವುಂಟು. ಅದು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ, ಹಿಂದೆ ಭಾಗವೊಂದು ಆರಂಭವಾಗಿದ್ದ ಗುರುತುಗಳನ್ನು ಹುಡುಕಿ ದಾಖಲೆಯನ್ನು ಮರಳಿ ಬರೆಯುತ್ತದೆ. ನಮ್ಮ ನಿಧಾನಗತಿಯ ಡಿಸ್ಕಿನಲ್ಲಿ ಅದು ಹುಡುಕಿ ಮುಗಿಸುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು. ಫೈಲುಗಳ ಪಟ್ಟಿ ತೆರೆದು ಅಂಗಡಿಗಳ ಫೋಲ್ಡರುಗಳು ಕಂಡಮೇಲೆ ಅಣ್ಣ ಎದ್ದು ಮುಖ ತೊಳೆದುಕೊಂಡ.

ಈ ಕಾರಣದಿಂದ, ಕೆಲಸಕ್ಕೆ ಕೈಹಾಕುವವರು ಮೊದಲು ಮಾಡಬೇಕಾದುದನ್ನು ಒತ್ತಿ ಹೇಳುತ್ತೇನೆ. ಬೇಕಾದ ಫೈಲುಗಳ ನಕಲು ಯಂತ್ರದಿಂದ ಹೊರಗಿರಬೇಕು. ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿಟ್ಟದ್ದು ನಕಲಲ್ಲ. ಭಾಗಗಳನ್ನು ಹೆಸರಿನಿಂದ ಗುರುತಿಸದೆ ಅಳತೆಯಿಂದ ಗುರುತಿಸಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಹೊಸ ಲ್ಯಾಪ್‌ಟಾಪುಗಳಲ್ಲಿ ವಿಂಡೋಸು ಡಿಸ್ಕನ್ನು ಬಿಟ್‌ಲಾಕರ್ ಎಂಬ ಬೀಗದಿಂದ ಮುಚ್ಚಿರುವುದುಂಟು. ಅದರ ಬೀಗದ ಸಂಖ್ಯೆಯನ್ನು ತೆಗೆದಿಟ್ಟುಕೊಳ್ಳದೆ ಮುಂದುವರಿದರೆ ತನ್ನ ಮನೆಯ ಹೊರಗೆ ತಾನೇ ನಿಲ್ಲಬೇಕಾದೀತು. ಮತ್ತೊಂದು ಸಂಗತಿ, ವಿಂಡೋಸಿನ ಫಾಸ್ಟ್ ಸ್ಟಾರ್ಟಪ್. ಇದು ಚಾಲ್ತಿಯಲ್ಲಿದ್ದರೆ ನಾವು ಯಂತ್ರವನ್ನು ಆರಿಸಿದರೂ ವಿಂಡೋಸು ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸಿನಿಂದ ಅದರ ಡಿಸ್ಕಿನ ಮೇಲೆ ಬರೆದರೆ ಎರಡರ ಲೆಕ್ಕವೂ ತಾಳೆಯಾಗದೆ ಫೈಲು ಕೆಡಬಹುದು. ಅದನ್ನು ಮೊದಲೇ ನಿಲ್ಲಿಸುವುದು ಕ್ಷೇಮ.

ಸಾಮಾನು ಸಾಗಿಸುವ ಪ್ರಶ್ನೆಗೆ ಮತ್ತೆ ಬಂಗಾರಪೇಟೆಗೆ ಹೋಗಬೇಕು. ಹಿಂದೆ ಅಲ್ಲಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿಯಿತ್ತು. ಬೆಂಗಳೂರಿನ ಹಳಿ ಐದೂವರೆ ಅಡಿ. ಒಂದರ ಬಂಡಿ ಇನ್ನೊಂದರ ಮೇಲೆ ಓಡದು. ಕೋಲಾರದ ಮೂಟೆಯನ್ನು ನಿಲ್ದಾಣದಲ್ಲಿ ಇಳಿಸಿ ಮತ್ತೆ ಏರಿಸಬೇಕು. ಈಗ ಆ ದಾರಿಯೂ ಬ್ರಾಡ್‌ಗೇಜ್ ಆಗಿದೆ. ಕಂಪ್ಯೂಟರಿನಲ್ಲಿ ಮಾತ್ರ ಹಾಗಾಗಿಲ್ಲ. ವಿಂಡೋಸಿನ ಹಳಿ ಎನ್‌ಟಿಎಫ್‌ಎಸ್, ಲಿನಕ್ಸಿನ ಹಳಿ ಸಾಮಾನ್ಯವಾಗಿ ಎಕ್ಸ್‌ಟಿ4. ಲಿನಕ್ಸು ವಿಂಡೋಸಿನ ಹಳಿಯ ಮೇಲೆ ಓಡಬಲ್ಲದು. ವಿಂಡೋಸಿಗೆ ಲಿನಕ್ಸಿನದು ತಾನಾಗಿ ಓದಲು ಬಾರದು. ಆದಕಾರಣ ಇಬ್ಬರಿಗೂ ಬೇಕಾದ ಕಾಗದಪತ್ರಗಳನ್ನು ಎನ್‌ಟಿಎಫ್‌ಎಸ್ ಮಾಡಿದ ಮೂರನೆಯ ಕೋಣೆಯಲ್ಲಿ ಇಡುವುದು ಲೇಸು. ನಮ್ಮ ಮನೆಯಲ್ಲಿ ಡಿ ಆ ನಡುಮನೆ.

ಆದರೆ ಕೋಣೆ ಸಾಮಾನ್ಯವಾದ ಮಾತ್ರಕ್ಕೆ ಕನ್ನಡ ಸಾಮಾನ್ಯವಾಗುವುದಿಲ್ಲ. ಅಣ್ಣ ವಿಂಡೋಸಿನಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಿಂದ ಬರೆದಿದ್ದ ಅರ್ಜಿಯೊಂದನ್ನು ನಾನು ಲಿನಕ್ಸಿನಲ್ಲಿ ತೆರೆದಾಗ ಕಂಡದ್ದು ಇಂಗ್ಲಿಷಿನ ಅಕ್ಷರಗಳೂ ಕೊಂಬು ಬಾಲ ಹಚ್ಚಿದ ವಿಚಿತ್ರ ಗುರುತುಗಳೂ ಕಲಸಿದ ಒಂದು ಗೊಜ್ಜು. ಡಿಸ್ಕು ಕೆಟ್ಟಿತೆಂದೇ ಹೆದರಿದೆ. ಕೆಟ್ಟಿರಲಿಲ್ಲ. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷು ಮೊದಲಾದ ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಲ್ಲೇ ನಮ್ಮ ತಲಕಟ್ಟು, ಒತ್ತು, ಕೊಂಬುಗಳನ್ನು ತುಂಬಿದ್ದವು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಜ್ಜು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನಿವೇಶನ ದೊರೆತಿತ್ತು. ಅಲ್ಲಿ 'ಕ' ಎಂಬುದಕ್ಕೆ ಒಂದೇ ಸಂಖ್ಯೆ. ಯಾವ ಯಜಮಾನನ ಆಳಿಕೆಯಲ್ಲಿ ತೆರೆದರೂ ಅದು 'ಕ'ವೇ. ನುಡಿಯ ಈಚಿನ ಆವೃತ್ತಿಗಳೂ ಯೂನಿಕೋಡನ್ನು ಬಲ್ಲವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲೂ ಸಿಗುವುದರಿಂದ ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ.

ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳುಂಟು. ತಿರುಗಿಸಿದ ಮೇಲೆ ಅರ್ಕಾವೊತ್ತನ್ನು ಕಣ್ಣಿಟ್ಟು ನೋಡಬೇಕು. 'ವರ್ಷ' ಎಂಬಲ್ಲಿ ಹಳೆಯ ಪದ್ಧತಿಯು ಷಕಾರವನ್ನು ಮೊದಲು ಬರೆದು ಅದರ ಮುಂದೆ ಅರ್ಕಾವೊತ್ತಿನ ಆಕಾರವನ್ನಿಡುತ್ತದೆ. ಯೂನಿಕೋಡು ಉಚ್ಚಾರಣೆಯ ಕ್ರಮದಂತೆ ರೇಫವನ್ನೇ ಮೊದಲು ಬರೆಯುತ್ತದೆ. ಈ ಸ್ಥಾನಪಲ್ಲಟದಲ್ಲಿ ಪರಿವರ್ತಕ ಎಡವಿದರೆ ರೇಫ ಬೇರೆ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಅಣ್ಣನ ಅರ್ಜಿಯಲ್ಲಿ ನಾನು ತಿದ್ದಿದ್ದು ಹೆಚ್ಚಾಗಿ ಇವನ್ನೇ. ನನ್ನ ಅಭಿಪ್ರಾಯ ಕೇಳಿದರೆ, ಒಂದು ಯಂತ್ರದಲ್ಲಿ ಎರಡು ವ್ಯವಸ್ಥೆ ಬಾಳುವುದು ಬೂಟ್ ಲೋಡರಿನ ಜಾಣ್ಮೆಗಿಂತ ಹೆಚ್ಚಾಗಿ ಇದರ ಮೇಲೆ ನಿಂತಿದೆ. ಬರೆದದ್ದು ಯಾವ ಯಜಮಾನನಿಗೂ ಸೇರದ ಲಿಪಿಸಂಕೇತದಲ್ಲಿರಬೇಕು, ಇಬ್ಬರೂ ಹೊಗಬಲ್ಲ ಕೋಣೆಯಲ್ಲಿರಬೇಕು. ಹಾಗಿದ್ದಲ್ಲಿ ನಾಳೆ ಇಬ್ಬರಲ್ಲೊಬ್ಬನು ಬೆಂಬಲ ನಿಲ್ಲಿಸಿ ಹೊರಟುಹೋದರೂ ಕಾಗದ ನಮ್ಮಲ್ಲೇ ಉಳಿಯುತ್ತದೆ.

ಎರಡನೆಯ ದಾರಿಯ ಮಾತು ಬಾಕಿ ಉಳಿಯಿತು. ಅತಿಥಿಯಾಗಿ ಇರಿಸುವುದೆಂದೆನಲ್ಲ, ಅದರ ಹೆಸರು ವರ್ಚುವಲ್ ಮೆಷಿನ್. ನಮ್ಮ ತಾತನವರು ಗಣಿಯಲ್ಲಿ ದುಡಿದವರು. ಚಾಂಪಿಯನ್ ರೀಫ್ಸ್ ಗಣಿಯೊಳಗೆ ವಿಜ್ಞಾನಿಗಳು ಇಳಿದು ಪ್ರಯೋಗ ನಡೆಸುತ್ತಿದ್ದುದನ್ನು ಹೇಳುತ್ತಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳವರೊಡನೆ ಸೇರಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು 1965ರಲ್ಲಿ ಕಂಡರು. ಆ ಪ್ರಯೋಗಶಾಲೆಗೆ ಸ್ವಂತದ ಬಾವಿಯಿರಲಿಲ್ಲ. ಇಳಿಯುವ ಪಂಜರ, ಗಾಳಿ, ವಿದ್ಯುತ್ತು, ನೀರೆತ್ತುವ ಪಂಪು ಎಲ್ಲವೂ ಗಣಿಯದೇ. ಒಳಗಿದ್ದವರಿಗೆ ಅದು ಪೂರ್ಣವಾದ ಪ್ರಯೋಗಶಾಲೆ; ಗಣಿಗೆ ಅದು ಒಂದು ಸುರಂಗದ ಮೂಲೆ. ವರ್ಚುವಲ್ ಮೆಷಿನ್ನಿನ ಸಂಬಂಧವೂ ಇಂಥದ್ದೇ. ವಿಂಡೋಸು ನಡೆಯುತ್ತಿರುವಾಗಲೇ ವರ್ಚುವಲ್‌ಬಾಕ್ಸಿನಂಥ ತಂತ್ರಾಂಶವು ಅದರೊಳಗೆ ಒಂದು ಸುಳ್ಳು ಕಂಪ್ಯೂಟರನ್ನು ಕಟ್ಟುತ್ತದೆ. ಆ ಕಂಪ್ಯೂಟರಿನ ಡಿಸ್ಕೆಂಬುದು ವಾಸ್ತವವಾಗಿ ಒಂದು ದೊಡ್ಡ ಫೈಲು. ಅದರೊಳಗೆ ಎಚ್ಚರವಾದ ಲಿನಕ್ಸು ತಾನೊಂದು ನಿಜವಾದ ಯಂತ್ರದ ಮೇಲೆಯೇ ಇದ್ದೇನೆಂದು ನಂಬಿ ನಡೆಯುತ್ತದೆ. ಮಾರಿಕುಪ್ಪಂ ಗಾಡಿ ಬಿಟ್ಟು ಜೋಲಾರಪೇಟೆಯ ಗಾಡಿ ಹತ್ತುವ ತೊಂದರೆಯಿಲ್ಲ. ಎರಡೂ ಒಂದೇ ಪರದೆಯ ಮೇಲೆ.

ಈ ಉಪಾಯ ಹೊಸದಲ್ಲ. ಐ.ಬಿ.ಎಂ. ಸಂಸ್ಥೆಯವರು 1960ರ ದಶಕದಲ್ಲೇ ಕೋಣೆ ತುಂಬುವ ಯಂತ್ರಗಳನ್ನು ಹೀಗೆ ಹಲವರಿಗೆ ಹಂಚಿದ್ದರು. ಮನೆಯ ಯಂತ್ರಗಳಿಗೆ ಇದು 1999ರಲ್ಲಿ ವಿಎಂವೇರ್ ಮೂಲಕ ಬಂತು. 2005ರಿಂದೀಚೆಗೆ ಇಂಟೆಲ್ಲೂ ಎಎಂಡಿಯೂ ಇದಕ್ಕೆ ಬೇಕಾದ ಸಹಾಯವನ್ನು ಪ್ರೊಸೆಸರಿನಲ್ಲೇ ಸೇರಿಸಿದ ಮೇಲೆ ಚುರುಕಾಯಿತು. ಕಲಿಯುವವರಿಗೆ ಇದು ನಿರಪಾಯ. ಒಳಗಿನ ಡಿಸ್ಕನ್ನು ಎಷ್ಟು ಸಲ ಕೆಡಿಸಿದರೂ ಹೊರಗಿನ ಲೆಕ್ಕಪುಸ್ತಕಕ್ಕೆ ಚ್ಯುತಿಯಿಲ್ಲ. ನಾನು ಆ ಭಾನುವಾರಕ್ಕೆ ಮೊದಲು ಇಲ್ಲಿ ಅಭ್ಯಾಸ ಮಾಡಬಹುದಾಗಿತ್ತು. ತೊಡಕೂ ಉಂಟು. ಇಬ್ಬರೂ ಏಕಕಾಲಕ್ಕೆ ಉಣ್ಣಬೇಕಾದ್ದರಿಂದ ಅನ್ನ ಹೆಚ್ಚು ಬೇಕು. ನಮ್ಮ ಯಂತ್ರದ ಸ್ಮರಣೆ 4 ಗಿಗಾಬೈಟು. ಅತಿಥಿಗೆ 2 ಬಡಿಸಿದರೆ ಮನೆಯವನಿಗೆ ಸಾಲದು. 8 ಇದ್ದವರು ಧೈರ್ಯವಾಗಿ ಈ ದಾರಿಯನ್ನೇ ಹಿಡಿಯಬಹುದು. ಮತ್ತೆ, ಗಣಿಯ ಆಸರೆ ತಪ್ಪಿದರೆ ಪ್ರಯೋಗಶಾಲೆಗೆ ಉಳಿವಿಲ್ಲ. ನಮ್ಮ ಊರಿನ ಆ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಬೆಂಬಲ ತೀರಿದ ವಿಂಡೋಸಿನೊಳಗೆ ಕೂತ ಅತಿಥಿಯ ಕ್ಷೇಮವೂ ಆ ವಿಂಡೋಸನ್ನೇ ನೆಚ್ಚಿಕೊಂಡಿರುತ್ತದೆ.

ಹೀಗಾಗಿ ನಾವು ಮೊದಲ ದಾರಿಯಲ್ಲೇ ಇದ್ದೇವೆ. ಆರಂಭದಲ್ಲಿ ಒಂದು ವಿನೋದವಾಯಿತು. ಲಿನಕ್ಸಿನಲ್ಲಿ ನಾನು ಕೆಲಸ ಮುಗಿಸಿ ಎದ್ದ ಮೇಲೆ ಅಣ್ಣ ವಿಂಡೋಸು ತೆರೆದರೆ ಗಡಿಯಾರ ಐದೂವರೆ ಗಂಟೆ ಹಿಂದೆ! ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸು ಗ್ರೀನಿಚ್ಚಿನ ಕಾಲಕ್ಕೆ ಇಡುತ್ತದೆ. ವಿಂಡೋಸು ಅದನ್ನೇ ಭಾರತದ ಕಾಲವೆಂದು ಓದುತ್ತದೆ. ಹಿಂದೆ ರೈಲಿಗೆ ಮದರಾಸಿನ ಕಾಲ, ಊರಿಗೆ ಊರಿನ ಕಾಲ ಇತ್ತಂತೆ. ಹಾಗಾಯಿತು ನಮ್ಮ ಮನೆ. ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟು, ಒಳಗಿನ ಗಡಿಯಾರವನ್ನು ಸ್ಥಳೀಯ ಕಾಲಕ್ಕೇ ಇಡುವಂತೆ ಮಾಡಿ ಸರಿಪಡಿಸಿದೆ.

ಈಗ ಗುಂಡಿ ಒತ್ತಿದೊಡನೆ ಗ್ರಬ್ಬಿನ ಪಟ್ಟಿ ಬಂದು ಹತ್ತು ಸೆಕೆಂಡು ನಿಲ್ಲುತ್ತದೆ. ಏನನ್ನೂ ಒತ್ತದಿದ್ದರೆ ವಿಂಡೋಸೇ ತೆರೆಯುವಂತೆ ಅಣ್ಣ ಮಾಡಿಸಿಕೊಂಡಿದ್ದಾನೆ. ಪ್ರತಿರಾತ್ರಿ ಲೆಕ್ಕ ಮುಗಿದ ಮೇಲೆ ಅದರ ನಕಲನ್ನು ಪೆನ್ ಡ್ರೈವಿಗೆ ಇಳಿಸಿ, ಬೆಳಿಗ್ಗೆ ರೈಲಿಗೆ ಹೊರಡುವಾಗ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾನೆ.